ಬರೆದವರೇ ದುಡ್ಡು ಕಟ್ಟಬೇಕೆ?

(ಬೆಳಕು ಮತ್ತು ಲೇಸರ್ ಸಂಶೋಧನೆಯಲ್ಲಿ ತೊಡಗಿರುವ ಕನ್ನಡಿಗರ ಸಮಾವೇಶ, ಪಾಪಟೊಯ್ಟೊಯ್, ಆಕ್ಲೆಂಡ್: ಅಧ್ಯಕ್ಷ ಭಾಷಣ)



ಹಿಂದಿನ ಅಧ್ಯಕ್ಷರನ್ನು ನೆನೆಯುವುದು ವಾಡಿಕೆ. ನೆನೆಯುತ್ತೇನೆ. ಒಬ್ಬರು ಬಳಗಕ್ಕೆ ಬ್ಯಾಂಕ್ ಖಾತೆ ತೆರೆದರು. ಇನ್ನೊಬ್ಬರು ಈ ಮೈಕ್ ಕೊಡಿಸಿದರು, ಇನ್ನೂ ಕೆಲಸ ಮಾಡುತ್ತಿದೆ. ಮತ್ತೊಬ್ಬರು ಎಲ್ಲ ಸಭೆಗಳನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿದರು. ಅವರೆಲ್ಲರಿಗೂ ಬಳಗ ಋಣಿ. ಇನ್ನು ವಿಷಯಕ್ಕೆ ಬರೋಣ.

ಬೆಳಿಗ್ಗೆ ವಿದ್ಯಾರ್ಥಿಗಳ ಒಂದೊಂದು ಪೋಸ್ಟರ್ ಮುಂದೆಯೂ ನಿಂತು ಓದಿದೆ. ಕೆಲಸ ಚೆನ್ನಾಗಿದೆ, ಕೆಲವಂತೂ ಬಹಳ ಚೆನ್ನಾಗಿದೆ. ಹಾಲಿನ ಮೇಲೆ ಬೆಳಕು ಬಿಟ್ಟು ಅದು ಚದುರುವ ರೀತಿಯಿಂದಲೇ ಕೊಬ್ಬಿನಂಶ ಅಳೆಯುವ ಪ್ರಯೋಗದ ಮುಂದೆ ನಾನು ಕಾಫಿ ಆರುವ ತನಕ ನಿಂತಿದ್ದೆ. ಎಲ್ಲಿ ಅಚ್ಚಾಗಿದೆಯಮ್ಮ ಎಂದು ಕೇಳಿದರೆ ಪೋಸ್ಟರ್ ಪಕ್ಕದಲ್ಲಿದ್ದ ಹುಡುಗಿ ಹೇಳಿದ್ದು: "ಅಕ್ಸೆಪ್ಟ್ ಆಗಿದೆ ಸರ್. ದುಡ್ಡು ಹೊಂದಿಸ್ತಾ ಇದೀವಿ."

ಮದುವೆ ಗೊತ್ತಾಗಿದೆ, ಛತ್ರದ ಬಾಡಿಗೆ ಹೊಂದಿಸ್ತಾ ಇದೀವಿ ಅಂದ ಹಾಗಿತ್ತು. ಈ ಮಾತು ಯಾರಿಗೂ ವಿಚಿತ್ರ ಅನಿಸುತ್ತಿಲ್ಲವಲ್ಲ, ನನ್ನ ಸಂಕಟ ಅದು.

ನಡೆಯುವುದೇನು, ನೋಡಿ. ವರ್ಷಗಟ್ಟಲೆ ಕತ್ತಲೆ ಕೋಣೆಯಲ್ಲಿ ಕನ್ನಡಿಗಳ ತಿರುಪು ತಿರುಗಿಸಿ ಕಿರಣವನ್ನು ಸಾಲಿಗೆ ತರುವವರು ನೀವು. ಬರೆಯುವವರು ನೀವು. ಲೇಟೆಕ್ ಕಡತದಲ್ಲಿ ಸಮೀಕರಣ ಕೂರಿಸಿ, ಚಿತ್ರದ ಅಕ್ಷರ ಚಿಕ್ಕದಾಯಿತೆಂದು ಮತ್ತೆ ಹಿಗ್ಗಿಸಿ, ಹೆಚ್ಚುಕಡಿಮೆ ಅಚ್ಚಿಗೆ ಸಿದ್ಧವಾದ ಪುಟಗಳನ್ನು ಕಳಿಸುವವರೂ ನೀವೇ. ಅದನ್ನು ತೂಗಿ ನೋಡುವ ರೆಫರಿ ನಮ್ಮಂಥ ಇನ್ನೊಬ್ಬ, ಅವನಿಗೆ ಬಿಡಿಗಾಸೂ ಇಲ್ಲ. ಎಲ್ಲ ಮುಗಿದ ಮೇಲೆ ಪ್ರಕಾಶಕನಿಂದ ಒಂದು ಅಭಿನಂದನೆ ಪತ್ರ ಬರುತ್ತದೆ, ಅದರ ಬೆನ್ನಿಗೇ ಒಂದು ಬಿಲ್ಲು. ನೇಚರ್ ಪತ್ರಿಕೆ ಮುಕ್ತ ಪ್ರಕಟಣೆಗೆ 2021ರಲ್ಲಿ ಇಟ್ಟ ಶುಲ್ಕ 9,500 ಯೂರೋ. ಎಂಟು ಲಕ್ಷ ರೂಪಾಯಿಗೂ ಮೇಲೆ. ನಮ್ಮ ಕ್ಷೇತ್ರದ ಸಾಧಾರಣ ಪತ್ರಿಕೆಗಳು ಅಷ್ಟು ಕೇಳುವುದಿಲ್ಲ, ನಿಜ. ಆದರೆ ಅವು ಕೇಳುವುದನ್ನು ತುಮಕೂರಿನಲ್ಲೋ ಬಾಗಲಕೋಟೆಯಲ್ಲೋ ಇರುವ ಒಬ್ಬ ಅಧ್ಯಾಪಕ ಸಂಬಳದಿಂದ ಕೊಡಬೇಕಾದರೆ ಮಗಳ ಕಾಲೇಜು ಫೀಸಿಗೆ ಸಾಲ ಮಾಡಬೇಕಾಗುತ್ತದೆ.

ಮೊದಲು ಓದುವವನು ದುಡ್ಡು ಕೊಡುತ್ತಿದ್ದ. ಅದು ಅನ್ಯಾಯ, ಜ್ಞಾನ ಎಲ್ಲರಿಗೂ ತೆರೆದಿರಬೇಕು ಎಂದು ನಾವೇ ಕೂಗಿದೆವು. ಸರಿ ಎಂದ ಪ್ರಕಾಶಕ, ಓದುವ ಬಾಗಿಲು ತೆಗೆದು ಬರೆಯುವ ಬಾಗಿಲಿನಲ್ಲಿ ಸುಂಕದವನನ್ನು ಕೂರಿಸಿದ. ಓದಲಾಗದವನಿಗೆ ಇನ್ನೊಬ್ಬರಿಂದ ಪೇಪರ್ ತರಿಸಿಕೊಳ್ಳುವ ಉಪಾಯವಾದರೂ ಇತ್ತು. ಅಚ್ಚು ಮಾಡಿಸಲಾಗದವನು ಇಲ್ಲವೇ ಇಲ್ಲ ಎಂದು ಲೆಕ್ಕ.

ವಿನಾಯಿತಿ ಇದೆಯಲ್ಲ ಎನ್ನುತ್ತಾರೆ. ಆ ವಿನಾಯಿತಿ ಪಟ್ಟಿಗಳನ್ನು ತೆಗೆದು ನೋಡಿ. ಬಡ ದೇಶಗಳಿಗೆ ಪೂರ್ತಿ ಮಾಫಿ, ಅವಕ್ಕಿಂತ ಸ್ವಲ್ಪ ಮೇಲಿನ ಕೆಲವಕ್ಕೆ ಅರ್ಧ. ದೊಡ್ಡ ಪ್ರಕಾಶಕರ ಪಟ್ಟಿಯಲ್ಲಿ ಭಾರತ ಸಿಗುವುದಿಲ್ಲ, ಯಾಕೆಂದರೆ ದೇಶದ ಒಟ್ಟು ಆರ್ಥಿಕತೆ ದೊಡ್ಡದು. ದೇಶ ದೊಡ್ಡದಾದರೆ ಮೇಷ್ಟರ ಜೇಬೂ ದೊಡ್ಡದಾಗುತ್ತದೆಯೆ? ನ್ಯೂಜಿಲೆಂಡಿನ ಮಾತಂತೂ ಬಿಡಿ, ನಾವು ಶ್ರೀಮಂತರು. ಇಲ್ಲಿ ವಿಶ್ವವಿದ್ಯಾಲಯದ ಒಳಗಿದ್ದರೆ ಗ್ರಂಥಾಲಯಗಳು ಸೇರಿ ಮಾಡಿಕೊಂಡ ಒಪ್ಪಂದಗಳು ಅನೇಕ ಪತ್ರಿಕೆಗಳಿಗೆ ನೆರಳಾಗುತ್ತವೆ. ಆದರೆ ಈ ಸಭೆಯಲ್ಲಿ ಈಸ್ಟ್ ಟಾಮಕಿಯ ಕಾರ್ಖಾನೆಗಳಲ್ಲಿ ಲೇಸರ್ ಕಟಿಂಗ್ ಯಂತ್ರದ ಜೊತೆ ದಿನ ಕಳೆಯುವವರಿದ್ದಾರೆ. ತೆಳು ತಗಡಿನ ಅಂಚು ಕರಗದ ಹಾಗೆ ಕತ್ತರಿಸುವ ಗುಟ್ಟು ಅವರಿಗೆ ಗೊತ್ತು, ಯಾವ ಪುಸ್ತಕದಲ್ಲೂ ಇಲ್ಲ. ಅವರಿಗೆ ಯಾವ ಒಪ್ಪಂದದ ನೆರಳೂ ಇಲ್ಲ.

ಭಾರತ ಸರ್ಕಾರ ಏನೂ ಮಾಡಲಿಲ್ಲ ಎಂದು ಹೇಳಲಾರೆ. 2024ರ ನವೆಂಬರ್‌ನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ಕೊಡಲು ಒಪ್ಪಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ಸಂತೋಷ. ಆದರೆ ಆ ಹಣದ ದೊಡ್ಡ ಪಾಲು ಹೋಗುವುದು ಓದುವ ಹಕ್ಕಿಗೆ, ಅದೂ ಇದೇ ಪ್ರಕಾಶಕರ ಕೈಗೆ. ಕರ್ನಾಟಕದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು, ಅಂದರೆ ನಮ್ಮಲ್ಲಿ ಅನೇಕರು ಓದಿದ ಕಾಲೇಜುಗಳು, ಮೊದಲ ಹಂತದಲ್ಲಿ ಹೊರಗೆ.

ಇದರ ಜೊತೆಗೆ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಮಾಡುವ ಸಂತೆ ಬೇರೆ. 'ಪರಮಪೂಜ್ಯ ಪ್ರೊಫೆಸರ್' ಎಂಬ ಧಾಟಿಯಲ್ಲಿ ಈಮೇಲ್ ಬರುತ್ತದೆ. ಎರಡೇ ದಿನದಲ್ಲಿ ರೆಫರಿ ಒಪ್ಪಿಗೆ, ಮೂರನೇ ದಿನ ರಸೀದಿ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಅಚ್ಚಾಗಿರಲೇಬೇಕು ಎಂಬ ನಿಯಮವನ್ನು ಯುಜಿಸಿ 2022ರಲ್ಲಿ ತೆಗೆದುಹಾಕಿತು. ಆದರೂ ಎಷ್ಟೋ ಕಡೆ ಗೈಡುಗಳು ಬಿಡುತ್ತಿಲ್ಲ. ಹುಡುಗರು ಆ ಸಂತೆಗೇ ಹೋಗಿ ಬೀಳುತ್ತಾರೆ. ಆಮೇಲೆ ನಾವೇ ಆಯ್ಕೆ ಸಮಿತಿಯಲ್ಲಿ ಕೂತು "ಇದೆಂಥ ಜರ್ನಲ್ ರೀ?" ಎಂದು ಮೂಗು ಮುರಿಯುತ್ತೇವೆ.

ಮೂಗು ಮುರಿದವರನ್ನು ಬಲ್ಲೆ. ಹಿಂದೊಮ್ಮೆ ಬಡ್ತಿಯ ಸಂದರ್ಶನದಲ್ಲಿ, ಯಾವ ಸಂಸ್ಥೆ ಎಂಬುದು ಇಲ್ಲಿ ಬೇಡ, ಮೇಜಿನ ಆಚೆಗಿದ್ದ ಐವರಲ್ಲಿ ಒಬ್ಬರೂ ನನ್ನ ಪೇಪರಿನೊಳಗೆ ಏನಿದೆ ಎಂದು ಕೇಳಲಿಲ್ಲ. ಅದು ಬಂದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು ಎಂದರು. ಹೇಳಿದೆ. ಬರೆದುಕೊಂಡರು. ಫೈಬರ್ ಲೇಸರಿನಲ್ಲಿ ಶಾಖ ಎಲ್ಲಿ ಸೋರುತ್ತದೆ ಎಂಬ ಪ್ರಶ್ನೆಗೆ ನಾನು ಸಿದ್ಧವಾಗಿ ಹೋಗಿದ್ದೆ. ಬಡ್ತಿ ಸಿಗಲಿಲ್ಲ, ಅದರ ಸಿಟ್ಟು ಇಂದಿಗೂ ಇದೆ, ಮುಚ್ಚಿಟ್ಟುಕೊಳ್ಳುವುದಿಲ್ಲ.

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಆ ಅಂಕಿಯನ್ನು ನಂಬುವವರಿಗೆ ನಮ್ಮ ಕ್ಷೇತ್ರದ ಚರಿತ್ರೆಯೇ ಉತ್ತರ. 1960ರ ಮೇ 16ರಂದು ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ. ಫಿಸಿಕಲ್ ರಿವ್ಯೂ ಲೆಟರ್ಸ್ ಅವನ ಬರಹವನ್ನು ವಾಪಸ್ಸು ಕಳಿಸಿತು. ಕೊನೆಗೆ ಆಗಸ್ಟ್ 6ರಂದು ನೇಚರ್‌ನಲ್ಲಿ ಬಂದದ್ದು ಸುಮಾರು ಮುನ್ನೂರು ಪದ. ಸ್ಟ್ರಿಕ್‌ಲ್ಯಾಂಡ್ ಮತ್ತು ಮುರೂ ಎಂಬ ಇಬ್ಬರು 1985ರಲ್ಲಿ ಲೇಸರ್ ಮಿಡಿತವನ್ನು ಮೊದಲು ಹಿಗ್ಗಿಸಿ, ಬಲ ತುಂಬಿ, ಮತ್ತೆ ಕುಗ್ಗಿಸುವ ಉಪಾಯವನ್ನು ಬರೆದದ್ದು ಆಪ್ಟಿಕ್ಸ್ ಕಮ್ಯುನಿಕೇಷನ್ಸ್‌ನಲ್ಲಿ. ಇಂದಿನ ಆಯ್ಕೆ ಸಮಿತಿಗಳು ಆ ಹೆಸರು ಕೇಳಿ ಹುಬ್ಬೇರಿಸುವುದಿಲ್ಲ. ಆದರೂ ಆ ಕೆಲಸಕ್ಕೆ ನೊಬೆಲ್ ಬಂತು, 2018ರಲ್ಲಿ.

ಈಗ ನಮ್ಮ ಬೆಂಗಳೂರು. 1928ರ ಮಾರ್ಚ್ 16ರಂದು ರಾಮನ್ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಮುಂದೆ ತಮ್ಮ ಹೊಸ ವಿಕಿರಣದ ವಿಷಯ ಹೇಳಿದರು. ಭಾಷಣ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಬಂತು. ಅಚ್ಚಾದ ಪ್ರತಿಗಳನ್ನು ಅವರು ದೇಶವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಇದನ್ನೇ ಕಂಡಿದ್ದರು, ಆದರೆ ಅಚ್ಚಿಗೆ ತಡವಾದರು. ಆ ಪರಿಣಾಮಕ್ಕೆ ಇಂದು ಯಾರ ಹೆಸರಿದೆ? ತಮ್ಮದೇ ನೆಲದ ಪತ್ರಿಕೆ, ಒಂದು ಅಂಚೆ ಪೆಟ್ಟಿಗೆ, ಮತ್ತು ತಡಮಾಡದ ಬುದ್ಧಿ, ಇಷ್ಟೇ ಸಾಕಾಯಿತು.

ಇದನ್ನು ಹೇಳಿದಾಗಲೆಲ್ಲ ಒಬ್ಬರು ಎದ್ದು ಪಂಚರತ್ನಂ ಕಥೆ ತೆಗೆಯುತ್ತಾರೆ. ಇವತ್ತು ನಾನೇ ತೆಗೆಯುತ್ತೇನೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅಯೊಲೈಟ್ ಹರಳಿನ ಬಿಲ್ಲೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಹುಡುಗ ಎಸ್. ಪಂಚರತ್ನಂ. ಬೆಳಕಿನ ಧ್ರುವೀಕರಣವನ್ನು ಹಂತಹಂತವಾಗಿ ಬದಲಿಸಿ ಮತ್ತೆ ಹೊರಟ ಸ್ಥಿತಿಗೇ ತಂದರೂ ಅಲೆಯ ಹಂತದಲ್ಲಿ ಒಂದು ವ್ಯತ್ಯಾಸ ಉಳಿಯುತ್ತದೆ, ಅದನ್ನು ಒಂದು ಗೋಳದ ಮೇಲಿನ ವಿಸ್ತೀರ್ಣದಿಂದ ಲೆಕ್ಕ ಹಾಕಬಹುದು ಎಂದು ತೋರಿಸಿದಾಗ ಅವನಿಗೆ ಇಪ್ಪತ್ತೆರಡು. 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ ಬಂತು. ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಆಕ್ಸ್‌ಫರ್ಡ್‌ಗೆ ಹೋಗಿ, 1969ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. 1984ರಲ್ಲಿ ಮೈಕಲ್ ಬೆರ್ರಿ ಕ್ವಾಂಟಂ ಜಗತ್ತಿನಲ್ಲಿ ಇದರ ದಾಯಾದಿಯನ್ನು ಕಂಡ ಮೇಲೆ, 1986ರಲ್ಲಿ ರಾಮಶೇಷನ್ ಮತ್ತು ನಿತ್ಯಾನಂದ ಕರೆಂಟ್ ಸೈನ್ಸ್‌ನಲ್ಲಿ ಬರೆದರು: ಇದು ನಮ್ಮಲ್ಲಿ ಮೂವತ್ತು ವರ್ಷದ ಹಿಂದೆಯೇ ಇದೆ. ಬೆರ್ರಿ ಮರುವರ್ಷವೇ ಪಂಚರತ್ನಂ ಅವರ ಹೆಸರಿಟ್ಟು ಲೇಖನ ಬರೆದು ಸಲ್ಲಬೇಕಾದ ಗೌರವ ಸಲ್ಲಿಸಿದರು. ಇಂದು ಗಾಜನ್ನು ಉಬ್ಬಿಸದೆ ಮಾಡುವ ಚಪ್ಪಟೆ ಲೆನ್ಸುಗಳಲ್ಲಿ ಅನೇಕವು ಆ ಹುಡುಗನ ಲೆಕ್ಕದ ಮೇಲೆ ನಡೆಯುತ್ತವೆ.

ನೋಡಿದಿರಾ, ಊರಿನ ಪತ್ರಿಕೆಯಲ್ಲಿ ಹಾಕಿದರೆ ಮಣ್ಣಿನಡಿ ಹೋಗುತ್ತದೆ ಎನ್ನುವುದು ಈ ಕಥೆ ತೆಗೆಯುವವರ ವಾದ. ನಾನು ಒಪ್ಪುವುದಿಲ್ಲ. 1977ರಲ್ಲಿ ಅದೇ ಸಂಸ್ಥೆಯ ಚಂದ್ರಶೇಖರ್, ಸದಾಶಿವ ಮತ್ತು ಸುರೇಶ್ ಬಿಲ್ಲೆಯಾಕಾರದ ಅಣುಗಳ ದ್ರವ ಸ್ಫಟಿಕಗಳನ್ನು ಕಂಡು, ಅದೇ ಅಕಾಡೆಮಿಯ 'ಪ್ರಮಾಣ' ಪತ್ರಿಕೆಯಲ್ಲಿ ಬರೆದರು. ಆ ಪುಟ್ಟ ಲೇಖನ ಜಗತ್ತಿಗೆಲ್ಲ ಹರಡಿ ಒಂದು ಹೊಸ ಕ್ಷೇತ್ರವನ್ನೇ ಹುಟ್ಟುಹಾಕಿತು. ಊರು ಅದೇ, ಅಕಾಡೆಮಿ ಅದೇ. ಪಂಚರತ್ನಂ ವಿಷಯದಲ್ಲಿ ಕೊರತೆ ಬಿದ್ದದ್ದು ಓದುಗರದು. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದಿತ್ತು. ಪ್ರಮಾಣ ಇಂದಿಗೂ ಲೇಖಕರಿಂದ ಶುಲ್ಕ ಕೇಳುವುದಿಲ್ಲ, ಅಕಾಡೆಮಿಯ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ಅಲ್ಲಿಗೆ ಕಳಿಸಿದ್ದೇವೆ ಎನ್ನುವವರು ಈ ಸಭೆಯಲ್ಲಿ ಕೈ ಎತ್ತಿ ನೋಡೋಣ. ಸರಿ, ಇಳಿಸಿ, ಇಳಿಸಲು ಹೆಚ್ಚು ಕೈಗಳಿಲ್ಲ.

ಇಲ್ಲಿನ, ನ್ಯೂಜಿಲೆಂಡಿನ ಕಥೆಯನ್ನೂ ಒಂದು ಹೇಳಿಬಿಡುತ್ತೇನೆ. ನೇಪಿಯರ್‌ನಲ್ಲಿ ಹುಟ್ಟಿದ ಡ್ಯಾನ್ ವಾಲ್ಸ್ ಹ್ಯಾಮಿಲ್ಟನ್‌ನ ವೈಕಾಟೊ ವಿಶ್ವವಿದ್ಯಾಲಯದಲ್ಲಿ ಕೂತು ಕ್ವಾಂಟಂ ಬೆಳಕಿನ ಒಂದು ಪಾಠಶಾಲೆ ಕಟ್ಟಿದರು. ಒಂದು ಪರಮಾಣು ಹೊರಸೂಸುವ ಫೋಟಾನುಗಳು ಗುಂಪುಗೂಡದೆ ಬಿಡಿಬಿಡಿಯಾಗಿ ಬರುತ್ತವೆ ಎಂದು ಕಾರ್‌ಮೈಕಲ್ ಜೊತೆ 1976ರಲ್ಲಿ ಬರೆದದ್ದು ಅಲ್ಲಿಂದಲೇ. ಸುತ್ತ ಹಸು, ಹುಲ್ಲು, ಮಂಜು. ಅವರ ಮತ್ತು ಜ್ಯಾಕ್ ಡಾಡ್ ಅವರ ಹೆಸರಿನ ಡಾಡ್-ವಾಲ್ಸ್ ಕೇಂದ್ರ ಇಂದು ದೇಶದ ಬೆಳಕಿನ ಸಂಶೋಧನೆಯನ್ನೆಲ್ಲ ಒಟ್ಟು ಹಿಡಿದಿದೆ. ವಿಳಾಸ ನೋಡಿ ತೂಗಿದ್ದರೆ ಹ್ಯಾಮಿಲ್ಟನ್ ಎಲ್ಲಿ ತೂಗುತ್ತಿತ್ತು?

ಹಾಗಾದರೆ ಏನು ಮಾಡಬೇಕು. ಒಂದು, ಬಳಗದ ಸದಸ್ಯರು ಯಾವುದೇ ಪತ್ರಿಕೆಗೆ ಪೇಪರ್ ಕಳಿಸುವ ದಿನವೇ ಅದನ್ನು ಆರ್ಕೈವ್ (arXiv) ಎಂಬ ಜಾಲತಾಣಕ್ಕೆ ಏರಿಸಬೇಕು. 1991ರಿಂದ ಇರುವ ವ್ಯವಸ್ಥೆ, ಏರಿಸುವುದಕ್ಕೂ ಓದುವುದಕ್ಕೂ ಕಾಸಿಲ್ಲ. ಬಹುಪಾಲು ಪತ್ರಿಕೆಗಳು ತಡೆಯುವುದಿಲ್ಲ. ನಮ್ಮವರು ಏರಿಸದಿರುವುದು ಸೋಮಾರಿತನದಿಂದ, ಇನ್ನು ಕೆಲವರು ಯಾರಾದರೂ ಕದ್ದಾರು ಎಂಬ ಭಯದಿಂದ. ತಾರೀಕು ಹಾಕಿ ಎಲ್ಲರ ಕಣ್ಣೆದುರಿಗೆ ಇಟ್ಟದ್ದನ್ನು ಕದಿಯುವುದೇ ಕಷ್ಟ, ಸ್ವಾಮಿ.

ಎರಡನೆಯದು, ಇಲ್ಲಿರುವ ಅನುಭವಿಗಳು ಒಬ್ಬೊಬ್ಬರು ಕರ್ನಾಟಕದ ಒಬ್ಬೊಬ್ಬ ಕಾಲೇಜು ಅಧ್ಯಾಪಕರ ಕರಡನ್ನು ಕಳಿಸುವ ಮೊದಲೇ ಓದಿ ತಿದ್ದಿಕೊಡಬೇಕು. ಇಂಗ್ಲಿಷ್ ಅಲ್ಲ, ಅದು ಆಮೇಲಿನ ಮಾತು; ಪ್ರಯೋಗದ ದೋಷಮಿತಿ, ಚಿತ್ರದ ಅಕ್ಷಗಳು, ಹಿಂದಿನವರ ಕೆಲಸದ ಉಲ್ಲೇಖ. ಮೂರನೆಯದು, ಪ್ರತಿ ಪೇಪರಿಗೂ ಕನ್ನಡದಲ್ಲಿ ಒಂದು ಪುಟದ ಸಾರಾಂಶ. ನೂರು ವರ್ಷಕ್ಕೂ ಹಿಂದೆ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ನಡೆಸಿದರು. ನಮಗೆ ಒಂದು ಪುಟ ಭಾರವೆ?

ಇನ್ನೊಂದು ಆಸೆಯೂ ಇದೆ, ಅದು ಆಸೆಯೇ. ಆಕ್ಲೆಂಡಿನ ಮತ್ತು ಕರ್ನಾಟಕದ ವಿಶ್ವವಿದ್ಯಾಲಯಗಳು ಸೇರಿ, ಬರೆಯುವವರಿಂದಲೂ ಓದುವವರಿಂದಲೂ ಕಾಸು ಕೇಳದ ಒಂದು ಬೆಳಕಿನ ಪತ್ರಿಕೆ ತರಬೇಕು. ಸರ್ಕಾರಗಳು ದುಡ್ಡು ಕೊಡಬೇಕು. ಮಂತ್ರಿಗಳಿಗೆ ಪತ್ರ ಬರೆಯೋಣ, ಉತ್ತರ ಬಂದರೆ ಚೌಕಟ್ಟು ಹಾಕಿಸೋಣ.

ನಮ್ಮ ಬಳಗದ ಲೇಖನಗಳನ್ನು ಉಚಿತವಾಗಿ ಜಾಲಕ್ಕೆ ಹಾಕೋಣ ಎಂದು ನಾನು ಹಿಂದೆ ಸೂಚಿಸಿದಾಗ, ಆಗ ಈ ಕುರ್ಚಿಯಲ್ಲಿದ್ದವರು "ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ ಕಣಯ್ಯ" ಎಂದು ತಳ್ಳಿಹಾಕಿದ್ದರು. ಸ್ಮರಣ ಸಂಚಿಕೆಯನ್ನೇ ಅಚ್ಚು ಮಾಡಿಸಿದರು. ಸೀರೆ ಅಂಗಡಿ, ಸ್ವೀಟ್ ಅಂಗಡಿ, ಸೈಟು ಮಾರುವವರ ಜಾಹೀರಾತುಗಳ ನಡುವೆ ಎರಡು ಒಳ್ಳೆಯ ಲೇಖನಗಳಿದ್ದವು, ಒಂದರ ಸಮೀಕರಣಗಳು ತಲೆಕೆಳಗಾಗಿ ಅಚ್ಚಾಗಿದ್ದವು. ಉಳಿದ ಪ್ರತಿಗಳ ಕಟ್ಟು ನನ್ನ ಗ್ಯಾರೇಜಿನಲ್ಲಿದೆ. ಬೇಕಾದವರು ಬಂದು ತೆಗೆದುಕೊಂಡು ಹೋಗಬಹುದು, ಪುಕ್ಕಟೆ.

ಊಟವಾದ ಮೇಲೆ ಸರ್ವಸದಸ್ಯರ ಸಭೆಯಲ್ಲಿ ಮೊದಲ ಮೂರು ಸೂಚನೆಗಳನ್ನು ಮತಕ್ಕೆ ಹಾಕುತ್ತೇನೆ. ಸದಸ್ಯತ್ವ ಶುಲ್ಕದ ಉಳಿಕೆಯಿಂದ ಆ ಹಾಲಿನ ಪೇಪರಿನ ಬಿಲ್ಲು ಕಟ್ಟಬೇಕು ಎಂದು ಖಜಾಂಚಿಯವರು ಆಗಲೇ ಚೀಟಿ ಕಳಿಸಿದ್ದಾರೆ. ನಾನು ಅದಕ್ಕೆ ವಿರುದ್ಧ. ಒಮ್ಮೆ ಕಟ್ಟಿದರೆ ಪ್ರತಿ ವರ್ಷ ಕಟ್ಟುತ್ತಲೇ ಇರಬೇಕಾಗುತ್ತದೆ, ಪ್ರಕಾಶಕರಿಗೆ ನಾವೂ ಒಂದು ಗಿರಾಕಿ ಆಗುತ್ತೇವೆ. ಆ ಹುಡುಗಿ ಇವತ್ತೇ ಅದನ್ನು ಆರ್ಕೈವ್‌ಗೆ ಏರಿಸಲಿ, ಆಮೇಲೆ ಶುಲ್ಕವಿಲ್ಲದ ಪತ್ರಿಕೆಗೆ ಕಳಿಸಲಿ. ಏರಿಸಲು ಬಾರದವರಿಗೆ ಹೇಳಿಕೊಡಲು ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರು ಕೂತಿದ್ದಾರೆ. ಖಜಾಂಚಿಯವರು ತಮ್ಮ ವಾದವನ್ನು ಬರವಣಿಗೆಯಲ್ಲಿ ಕೊಡಲಿ, ಸಭೆಯ ಮುಂದೆ ನಾನೇ ಓದುತ್ತೇನೆ.