ಅವರೆ ಹೊಲ ಬಡಾವಣೆ ಆದ ಕಥೆ



ಇವತ್ತು ಅವರೆಕಾಯಿ ವಿಷಯ ಮಾತಾಡೋಣ. ಅವರೆಕಾಯಿ ಗೊತ್ತಿಲ್ಲದೋರು ನಮ್ಮಲ್ಲಿ ಯಾರಿದ್ದಾರೆ? ಸಂಕ್ರಾಂತಿ ಹತ್ತಿರ ಬಂದರೆ ಸಾಕು, ಮನೆಮನೆಯಲ್ಲೂ ಹಿತಕಿದ ಬೇಳೆ ಸಾರಿನ ಘಮ.

ನಮ್ಮ ಊರಿನ ಹೆಸರಿಗೂ ಕಾಳಿಗೂ ನಂಟು ಹೇಳುವ ಕಥೆ ಒಂದಿದೆ. ಬಲ್ಲಾಳ ರಾಜ ಬೇಟೆಗೆ ಬಂದು ದಾರಿ ತಪ್ಪಿದ. ಒಬ್ಬ ಅಜ್ಜಿ ಅವನಿಗೆ ಬೆಂದ ಕಾಳು ಕೊಟ್ಟಳು. ಬೆಂದಕಾಳೂರು ಬೆಂಗಳೂರಾಯಿತು ಅಂತಾರೆ. ಇದು ಕಥೆ. ಸುಮಾರು 1100 ವರ್ಷ ಹಿಂದಿನ ಬೇಗೂರು ಶಾಸನದಲ್ಲೇ ಬೆಂಗಳೂರು ಅನ್ನೋ ಹೆಸರಿದೆ. ಅದು ಬಲ್ಲಾಳರಿಗಿಂತ ಹಳೆಯದು. ಆದರೂ ಅಜ್ಜಿಯ ಮನೇಲಿ ಕಾಳು ಇತ್ತು ಅನ್ನೋದು ನಂಬುವ ಮಾತೇ. ಇದು ರಾಗಿ, ಅವರೆಯ ಸೀಮೆ.

ಮಾಗಡಿ ರಸ್ತೆ, ಕೆಂಗೇರಿ ಕಡೆ ಕೆಂಪು ಮಣ್ಣು. ಮಳೆ ನಂಬಿದ ಹೊಲ. ರಾಗಿ ಬಿತ್ತುವಾಗ ನಡುನಡುವೆ ಅವರೆ ಹಾಕ್ತಾರೆ. ಇದಕ್ಕೆ ಅಕ್ಕಡಿ ಸಾಲು ಅಂತ ಹೆಸರು. ಹಗಲು ಕಿರಿದಾಗಿ ಚಳಿ ಬಂದಾಗ ಅವರೆ ಹೂ ಬಿಡುತ್ತೆ. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು. ಬೇರಿನ ಗಂಟುಗಳು ಗಾಳಿಯ ಸಾರ ಹಿಡಿದು ಮಣ್ಣಿಗೆ ಕೊಡುತ್ತವೆ. ಅವರೆ ಹೊಲಕ್ಕೇ ಗೊಬ್ಬರ.

ಈ ಹೊಲಗಳು ಒಬ್ಬ ದೊಡ್ಡ ಸಾಹುಕಾರನವಲ್ಲ. ಒಬ್ಬರದು ಎರಡು ಎಕರೆ, ಇನ್ನೊಬ್ಬರದು ಹತ್ತು ಗುಂಟೆ. ಕಳೆ ಕಿತ್ತವರು, ಕಾಯಿ ಬಿಡಿಸಿದವರು, ಕಾಳು ಸುಲಿದವರು ಹೆಚ್ಚಾಗಿ ಹೆಂಗಸರೇ.

ಆಮೇಲೆ ಪಟ್ಟಣ ಬೆಳೆಯಿತು. 1941ರಲ್ಲಿ ಬೆಂಗಳೂರಿನಲ್ಲಿ ಸುಮಾರು 4 ಲಕ್ಷ ಜನ ಇದ್ದರು. 2011ಕ್ಕೆ ಅದು 84 ಲಕ್ಷ ಆಯಿತು. ಅಷ್ಟು ಜನಕ್ಕೆ ಮನೆ ಬೇಕು, ಕೆಲಸ ಬೇಕು. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. ಕಾರ್ಖಾನೆ ಬಂತು, ಕಾರ್ಮಿಕರಿಗೆ ಮನೆ ಬಂತು. ಮುಂದೆ ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ ಎದ್ದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾನೂನು ಬಂತು. 2010ರಲ್ಲಿ ಕೆಂಪೇಗೌಡ ಬಡಾವಣೆಗೆ ಅಂತ ಕೆಂಗೇರಿ, ಮಾಗಡಿ ರಸ್ತೆ ಕಡೆಯ ಹಳ್ಳಿಗಳಲ್ಲಿ 4,043 ಎಕರೆಗೆ ಆಖೈರು ಆದೇಶ ಆಯಿತು.

ಪಟ್ಟಣ ಬೆಳೆದದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ನಾವೂ ಅದೇ ಬಡಾವಣೆಗಳಲ್ಲಿ ಇದ್ದೇವೆ. ಆದರೆ ಒಂದು ಪ್ರಶ್ನೆ ಕೇಳಬೇಕು. ಹೊಲ ಹೋದಾಗ ಪರಿಹಾರ ಯಾರ ಕೈಗೆ ಬಂತು?

ಸರ್ಕಾರ ಕಾಗದ ನೋಡುತ್ತೆ. ಕೈಯ ಮಣ್ಣು ನೋಡೋದಿಲ್ಲ. ಆ ಕಾಗದಗಳಲ್ಲಿ ಮುಖ್ಯವಾದದ್ದು ಪಹಣಿ. ಹೊಲದ ಸರ್ವೆ ನಂಬರು, ಎಷ್ಟು ಎಕರೆ, ಯಾರ ಹೆಸರು, ಯಾವ ಬೆಳೆ, ಎಲ್ಲಾ ಅದರಲ್ಲಿದೆ. ದುಡಿದ ಎಷ್ಟೋ ಹೆಂಗಸರ ಹೆಸರು ಅಲ್ಲಿ ಇರಲೇ ಇಲ್ಲ. ಕೆಲವರ ಹತ್ತಿರ "ಇಲ್ಲೊಂದು ಹೆಬ್ಬೆಟ್ಟು ಒತ್ತಮ್ಮಾ" ಅಂತ ಒತ್ತಿಸಿಕೊಂಡರು. ಅದು ಹಕ್ಕು ಬಿಟ್ಟುಕೊಡುವ ಪತ್ರ. ಓದೋಕೆ ಬರ್ತಿರಲಿಲ್ಲ, ಒತ್ತಿದರು.

ಈಗ ಕಾನೂನು ಬದಲಾಗಿದೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಮದುವೆಯಾಗಿ ಹೋದವರು ಆಗ ಸೇರಿರಲಿಲ್ಲ. 2005ರ ಕೇಂದ್ರದ ಕಾನೂನು ಅವರನ್ನೂ ಸೇರಿಸಿತು. ಮೊದಲೇ ಕ್ರಮವಾಗಿ ಪಾಲು ಆಗಿದ್ದರೆ ಲೆಕ್ಕ ಬೇರೆ. ಅದನ್ನು ತಿಳಿದವರ ಹತ್ತಿರ ಕೇಳಬೇಕು. ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ.

ಹಾಗಾದರೆ ನಾವು ಏನು ಮಾಡೋಣ?

ತವರಿನ ಹೊಲ, ಗಂಡನ ಮನೆ ಹೊಲ, ಎರಡರ ಪಹಣಿಯನ್ನೂ ತೆಗೆಸಿ. ನಾಡಕಚೇರಿಯಲ್ಲಿ ಸಿಗುತ್ತೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿ. ಯಾರ ಹೆಸರಿದೆ ನೋಡಿ. ಯಾವುದೇ ಪತ್ರ ಬಂದರೂ "ಓದಿ ಆಮೇಲೆ ಸಹಿ ಹಾಕ್ತೀನಿ" ಅನ್ನಿ. ಅಣ್ಣ ತಂದರೂ ಅಷ್ಟೇ, ಗಂಡ ತಂದರೂ ಅಷ್ಟೇ. ಓದಿ ಸಹಿ ಹಾಕಿದರೆ ಸಂಬಂಧ ಕೆಡೋದಿಲ್ಲ.

ಅವರೆ ಬಿಡಿಸುವಾಗ ಹುಳುಕು ಕಾಯಿ ನೋಡಿ ತೆಗೀತೀವಿ, ಅಲ್ವಾ? ಕಾಗದವನ್ನೂ ಹಾಗೇ ಬಿಡಿಸಿ ನೋಡೋಣ.

ಈಗ ಎಲ್ಲರೂ ಒಟ್ಟಿಗೆ ಓದಿ: ಪಹಣಿ. ಹೊಲ. ಹೆಸರು. ಸಹಿ.