ದೊಡ್ಡ ಕಡತ, ಸಣ್ಣ ಕಟ್ಟುಗಳು



ಜೋಳದ ರಾಶಿ ಮುಗಿದ ಮೇಲೆ ಕಣದಲ್ಲಿದ್ದ ಕಾಳನ್ನೆಲ್ಲ ಯಾರೂ ಒಂದೇ ಚೀಲಕ್ಕೆ ತುಂಬುವುದಿಲ್ಲ. ಒಬ್ಬ ಆಳು ಹೊರುವಷ್ಟು ತುಂಬಿ ಬಾಯಿ ಹೊಲಿಯುತ್ತೇವೆ. ಅದರಲ್ಲೂ ಬೀಜದ್ದು ಬೇರೆ, ಮನೆಗೆ ಬೇರೆ, ಪೇಟೆಗೆ ಬೇರೆ. ಈಗ ನಮ್ಮ ಹೊಲ-ಮನೆಯ ಕಾಗದಪತ್ರಗಳು ಗಣಕಯಂತ್ರದೊಳಗೆ ಹೋಗಿ ಕುಳಿತಿವೆ. ಅವುಗಳಿಗೂ ಈ ಕಣದ ಬುದ್ಧಿಯೇ ಬೇಕು ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ.

ತಂದೆಯವರು ತೀರಿಕೊಂಡ ಬಳಿಕ ನನ್ನ ಮತ್ತು ಅಕ್ಕನ ಹೆಸರು ಉತಾರಕ್ಕೆ ಏರಬೇಕಿತ್ತು. ಟ್ರಂಕಿನಲ್ಲಿದ್ದ ಹಳೆಯ ಉತಾರ, ಫೇರಫಾರ, ಖರೀದಿಖತ ಎಲ್ಲ ಸೇರಿ 84 ಪುಟ. ಕೆಲವು ಮರಾಠಿಯಲ್ಲಿ, ಕೆಲವು ಮೋಡಿಯಲ್ಲಿ. ಅಂಗಡಿಯ ಹುಡುಗ ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಕಡತ ಮಾಡಿದ. ಅದು ಬಲು ಭಾರವಾಯಿತು, ಎಲ್ಲಿಯೂ ಏರಲಿಲ್ಲ. ಕೊನೆಗೆ ಅವನು ಹತ್ತು ಹತ್ತು ಪುಟಕ್ಕೆ ಕತ್ತರಿಸಿ ಕಳಿಸಿಕೊಟ್ಟ. ಖರೀದಿಖತದ ಮುಂದಿನ ಮಗ್ಗುಲು ನಾಲ್ಕನೆಯ ತುಂಡಿನಲ್ಲಿ ಉಳಿಯಿತು; ಸಾಕ್ಷಿದಾರರ ಸಹಿ ಇದ್ದ ಹಿಂದಿನ ಮಗ್ಗುಲು ಐದನೆಯದಕ್ಕೆ ಹೋಯಿತು. ನೋಡಿದವರು ನಾಲ್ಕನೆಯದನ್ನಷ್ಟೇ ತೆರೆದರು. ‘ಕಾಗದ ಅಪೂರ್ಣ’ ಎಂದು ಅರ್ಜಿ ಹಿಂದಕ್ಕೆ ಬಂತು. ಅಕ್ಕ ಗಂಡನ ಊರಿನಿಂದ ಎರಡು ಸಲ ಬಸ್ಸು ಹತ್ತಿ ಬಂದು ಬರಿಗೈಯಲ್ಲಿ ತಿರುಗಿದಳು. ತಪ್ಪು ಆ ಹುಡುಗನದಲ್ಲ. ಎಲ್ಲಿ ಕತ್ತರಿಸಬೇಕೆಂದು ಹೇಳಬೇಕಾದವನು ನಾನು.

ಹಾಗಾದರೆ ಎಲ್ಲಿ ಕತ್ತರಿಸಬೇಕು? ಉತ್ತರ ನಮ್ಮ ತಲಾಠಿಯ ದಫ್ತರದಲ್ಲಿಯೇ ಇದೆ. ಊರಿನ ಭೂಮಿಯ ಲೆಕ್ಕವನ್ನೆಲ್ಲ ಒಂದೇ ಪುಸ್ತಕದಲ್ಲಿ ಬರೆದಿಲ್ಲ. ಹಕ್ಕು ಯಾರದೆಂದು ಗಾವ ನಮುನಾ 7 ಹೇಳುತ್ತದೆ. ಬೆಳೆ ಏನೆಂದು 12 ಹೇಳುತ್ತದೆ. ಇವೆರಡೂ ಕೂಡಿ ನಮ್ಮ ಸಾತ್-ಬಾರಾ. ಹೆಸರು ಹೇಗೆ ಬದಲಾಯಿತೆಂಬುದು ನಮುನಾ 6ರ ಫೇರಫಾರದಲ್ಲಿದೆ. ಒಬ್ಬ ಖಾತೆದಾರನ ಒಟ್ಟು ಜಮೀನು 8-ಅದಲ್ಲಿದೆ. ಒಂದು ಪ್ರಶ್ನೆಗೆ ಒಂದು ನಮುನೆ. ನಾವೂ ಪುಟ ಎಣಿಸಿ ಕತ್ತರಿಸದೆ ವಿಷಯ ನೋಡಿ ಕತ್ತರಿಸಬೇಕು. ಒಂದು ಖರೀದಿಖತ ಮೂರು ಪುಟವಿರಲಿ, ಹದಿಮೂರಿರಲಿ, ಅದು ಒಂದೇ ಕಟ್ಟು.

ಇನ್ನು ಕತ್ತರಿಸುವ ಬಗೆ. ಕಡತ ತೆರೆದು ಪ್ರಿಂಟ್ ಒತ್ತಿರಿ. ಮುದ್ರಣಯಂತ್ರದ ಹೆಸರಿರುವಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಎಂಬುದನ್ನು ಆರಿಸಿ, ಪುಟಗಳ ಜಾಗದಲ್ಲಿ 31ರಿಂದ 43 ಎಂದು ಬರೆದರೆ ಅಷ್ಟೇ ಪುಟಗಳ ಹೊಸ ಕಡತ ಸಿದ್ಧ. ಹೆಚ್ಚಿನ ಮೊಬೈಲುಗಳಲ್ಲಿಯೂ ಇದು ಸಾಧ್ಯ. ಪದೇ ಪದೇ ಈ ಕೆಲಸವಿರುವವರಿಗೆ ಪಿಡಿಎಫ್‌ಸ್ಯಾಮ್ ಎಂಬ ಪುಕ್ಕಟೆ ತಂತ್ರಾಂಶವಿದೆ. ಅದು ನಮ್ಮ ಯಂತ್ರದೊಳಗೇ ಕೆಲಸ ಮಾಡುತ್ತದೆ. ಗುರುತಿಲ್ಲದ ಜಾಲತಾಣಕ್ಕೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಏರಿಸಿ ಕತ್ತರಿಸಿಕೊಳ್ಳುವುದು ಸಂತೆಯಲ್ಲಿ ಗಂಟು ಬಿಚ್ಚಿದಂತೆ.

ಕತ್ತರಿಸಿದರೂ ಭಾರ ಇಳಿಯದಿದ್ದರೆ ದೋಷ ಸ್ಕ್ಯಾನಿನಲ್ಲಿರುತ್ತದೆ. ಬೆರಳಚ್ಚು ಮಾಡಿದ ಪುಟ ಹಗುರ. ಸ್ಕ್ಯಾನ್ ಮಾಡಿದ ಪುಟ ಒಂದು ಚಿತ್ರ, ಆದ್ದರಿಂದ ಭಾರ. ಇಂಚಿಗೆ 600 ಚುಕ್ಕೆಯ ಬದಲು 300 ಇಟ್ಟರೆ ಚುಕ್ಕೆಗಳ ಸಂಖ್ಯೆ ಕಾಲುಭಾಗಕ್ಕೆ ಇಳಿಯುತ್ತದೆ, ಅಕ್ಷರವೂ ಓದಲು ಬರುತ್ತದೆ. ಹಿಂದೆ ಫ್ಲಾಪಿಯ ಕಾಲದಲ್ಲಿ 1.44 ಎಂಬಿ ಮೀರಿದ ಕಡತವನ್ನು ನಾಲ್ಕಾರು ಫ್ಲಾಪಿಗೆ ಹಂಚಬೇಕಾಗುತ್ತಿತ್ತು. ಇಂದು ಜಿಮೇಲಿನಲ್ಲಿ 25 ಎಂಬಿವರೆಗೆ ಲಗತ್ತಿಸಬಹುದು. ಸರಕಾರಿ ಅರ್ಜಿಗಳ ಮಿತಿ ಒಂದೊಂದು ಕಡೆ ಒಂದೊಂದು. ಅದನ್ನು ಮೊದಲು ಓದಿಕೊಂಡು ಕೆಲಸಕ್ಕೆ ಕೈ ಹಾಕಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಡಿಜಿಟಲ್ ಸಹಿ ಇರುವ ಸಾತ್-ಬಾರಾವನ್ನು ಕತ್ತರಿಸಬೇಡಿ, ಬೇರೆ ಕಡತದೊಡನೆ ಕೂಡಿಸಲೂ ಬೇಡಿ. ಆ ಸಹಿ ಇಡೀ ಕಡತಕ್ಕೆ ಹಾಕಿದ ಅರಗಿನ ಮುದ್ರೆ ಇದ್ದಂತೆ. ಕಡತ ಒಡೆದರೆ ಸಹಿಯ ಚಿತ್ರ ಕಾಣಿಸಬಹುದು, ಆದರೆ ಯಂತ್ರ ಪರೀಕ್ಷಿಸಿದಾಗ ಅದು ಊರ್ಜಿತವಾಗುವುದಿಲ್ಲ. ಇಳಿಸಿಕೊಂಡ ಮೂಲ ಕಡತವನ್ನೇ ಕಳಿಸಿರಿ.

ತುಂಡುಗಳಿಗೆ ಹೆಸರಿಡುವುದೂ ಮುಖ್ಯ. 1, 2, 10 ಎಂದು ಇಟ್ಟರೆ ಎಷ್ಟೋ ಯಂತ್ರಗಳು 1ರ ಮಗ್ಗುಲಿಗೆ 10ನ್ನು ತಂದು ನಿಲ್ಲಿಸುತ್ತವೆ. 01, 02, 10 ಎಂದರೆ ಸಾಲು ತಪ್ಪುವುದಿಲ್ಲ. ಮೊದಲ ಕಡತದಲ್ಲಿ ಒಂದು ಯಾದಿ ಇರಲಿ: ಯಾವ ಕಟ್ಟಿನಲ್ಲಿ ಯಾವ ಕಾಗದ, ಎಷ್ಟು ಪುಟ. ನಮ್ಮ ಕಡೆ ಆ ಯಾದಿ ಮರಾಠಿಯಲ್ಲಿದ್ದರೆ ಕಚೇರಿಗೆ ಅನುಕೂಲ. ಮನೆಯ ಪ್ರತಿ ಕನ್ನಡದಲ್ಲಿದ್ದರೆ ಮಕ್ಕಳಿಗೆ ಅನುಕೂಲ. ಇಡಿಯಾದ ಮೂಲ ಕಡತವನ್ನು ಮಾತ್ರ ಎಂದೂ ಅಳಿಸಬೇಡಿ.

ನಮ್ಮ ಕನ್ನಡ ಶಾಲೆಯ ಗುರುಗಳಿಗೂ ಒಂದು ಮಾತು. ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪಿಡಿಎಫ್ ರೂಪದಲ್ಲಿಯೂ ಕೊಡುತ್ತದೆ. ಇಡೀ ಪುಸ್ತಕ ಇಳಿಸಿಕೊಳ್ಳಲು ಸಿಗ್ನಲ್ ಸಾಲದ ವಸ್ತಿಯ ಮಗುವಿಗೆ ಆ ವಾರದ ಒಂದು ಪಾಠವನ್ನಷ್ಟೇ ಬಿಡಿಸಿ ಕಳಿಸಿದರೆ ಓದು ನಿಲ್ಲುವುದಿಲ್ಲ. ಪಾಠ ಮತ್ತು ಅದರ ಸ್ವಾಧ್ಯಾಯದ ಪ್ರಶ್ನೆಗಳು ಮಾತ್ರ ಒಂದೇ ತುಂಡಿನಲ್ಲಿರಲಿ.

ನಮ್ಮ 84 ಪುಟಗಳನ್ನು ನಾನು ಮತ್ತೆ ನೆಲದ ಮೇಲೆ ಹರಡಿದೆ. ಅಕ್ಕ ಒಂದೊಂದೇ ಕಾಗದ ಗುರುತಿಸಿ ಕೊಟ್ಟಳು. ಯಾವ ಪುಟದ ಬೆನ್ನಿಗೆ ಯಾವುದು ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಏಳು ಕಟ್ಟುಗಳಾದವು. ಈ ಸಲ ಅರ್ಜಿ ಹಿಂದಕ್ಕೆ ಬರಲಿಲ್ಲ. ಉತಾರದಲ್ಲಿ ಈಗ ಅವಳ ಹೆಸರೂ ಇದೆ. ನಿಮ್ಮ ಮನೆಯ ಟ್ರಂಕಿನ ಕಾಗದಗಳನ್ನೂ, ಗುರುತು ಹೇಳುವ ಹಿರಿಯರು ಇರುವಾಗಲೇ, ಬಿಡಿಸಿ ಕಟ್ಟಿಡಿರಿ.