ಇಂದಿರಾನಗರದಲ್ಲಿ ರೂಮು ಮಾಡ್ಬೇಕಾ? ಮೊದಲು ರಾತ್ರಿ ಒಂದು ಗಂಟೆಗೆ ಹೋಗಿ ನೋಡಿ

ಬಸ್ಸಲ್ಲಿ ಕೇಳ್ತಿದ್ರೆ ಸೀಟು ಸಿಕ್ಕಿದೆ ಅಂದ್ಕೋತೀನಿ. ಸಿಕ್ಕಿಲ್ಲ ಅಂದ್ರೆ ಬೇಜಾರಿಲ್ಲ, ಬಿಡದಿ ದಾಟೋವರೆಗೂ ನಾನು ಜೊತೆಗಿರ್ತೀನಿ.

ಇವತ್ತಿನ ವಿಷಯ ನೀವೇ ಕೊಟ್ಟಿದ್ದು. ಎರಡು ಮೆಸೇಜ್ ಬಂದಿದ್ವು. ಒಂದು ಚನ್ನಪಟ್ಟಣದಿಂದ. ಹುಡುಗಿಗೆ ಇಂದಿರಾನಗರದಲ್ಲಿ ಮೊದಲನೇ ಕೆಲಸ ಸಿಕ್ಕಿದೆ. "ಆಫೀಸ್ ಪಕ್ಕದಲ್ಲೇ ರೂಮ್ ಇದೆ, ಕೆಳಗೆ ಪೂರ್ತಿ ಕೆಫೆ, ಪಬ್ಬು. ನೋಡೋಕೆ ಸಖತ್ತಾಗಿದೆ. ತಗೊಳ್ಳಲಾ?" ಇನ್ನೊಂದು ಕನಕಪುರದ ಹುಡುಗಂದು. ಬರ್ಲಿನ್‌ಗೆ ಮಾಸ್ಟರ್ಸ್ ಮಾಡೋಕೆ ಹೊರಟಿದಾನೆ. ಫ್ರೀಡ್ರಿಕ್ಸ್‌ಹೈನ್ ಅನ್ನೋ ಏರಿಯಾದಲ್ಲಿ ರೂಮು ನೋಡಿದಾನೆ. ಗೂಗಲ್ ಮಾಡಿದ್ರೆ ಬರೋದೆಲ್ಲ ಕ್ಲಬ್ಬುಗಳ ಪಟ್ಟಿ. "ಬ್ರೋ, ಅಲ್ಲಿ ಮನುಷ್ಯರು ವಾಸ ಮಾಡ್ತಾರಾ?"

ಎರಡೂ ಒಂದೇ ಪ್ರಶ್ನೆ. ರಾತ್ರಿಯೆಲ್ಲ ಎದ್ದಿರೋ ಏರಿಯಾದಲ್ಲಿ ಮನೆ ಮಾಡೋದು ಒಳ್ಳೇದಾ? ನಮ್ಮ ಕಡೆಯಿಂದ ಹೋಗೋರಿಗೆ ಇಂದಿರಾನಗರಾನೂ ಮೊದಲ ಆರು ತಿಂಗಳು ಫಾರಿನ್ನೇ ಬಿಡಿ.

ಹೌದು, ಇಲ್ಲ ಅಂತ ಒಂದೇ ಪದದಲ್ಲಿ ಹೇಳೋಕಾಗಲ್ಲ. ನೀವು ಎಷ್ಟು ಗಂಟೆಗೆ ಮಲಗ್ತೀರ ಅನ್ನೋದರ ಮೇಲೆ ಉತ್ತರ ನಿಂತಿದೆ.

ಅದು ಪಬ್ಬುಗಳ ಊರಾಗಿ ಹುಟ್ಟಿದ್ದಲ್ಲ

ಇಂದಿರಾನಗರ, ಕೋರಮಂಗಲ ಎರಡೂ ಬಿಡಿಎ ಬಡಾವಣೆಗಳು. ಸೈಟು, ಮನೆ, ಮುಂದೆ ಒಂದು ಮರ, ಸಂಜೆ ವಾಕಿಂಗ್ ಹೋಗೋ ನಿವೃತ್ತರು. ಆಮೇಲೆ ಐಟಿ ಬಂತು, ದುಡ್ಡು ಓಡಾಡೋಕೆ ಶುರುವಾಯ್ತು. 100 ಅಡಿ ರಸ್ತೆ, 12ನೇ ಮೇನ್, ಕೋರಮಂಗಲ 5ನೇ ಬ್ಲಾಕ್ ಒಂದೊಂದಾಗಿ ಅಂಗಡಿ ಬೀದಿ ಆದವು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ವರೆಗೆ ಮೊದಲ ಮೆಟ್ರೋ ಓಡಿದಾಗ ಇಂದಿರಾನಗರಕ್ಕೂ ಸ್ಟೇಷನ್ ಬಂತು.

ಹಾಗಾಗಿ ಅಲ್ಲಿ ಪಬ್ಬಿನ ಗೋಡೆಗೆ ಅಂಟಿಕೊಂಡೇ ಮೂವತ್ತು ನಲವತ್ತು ವರ್ಷದಿಂದ ಇರೋ ಅಜ್ಜ-ಅಜ್ಜಿ ಮನೆ ಇರತ್ತೆ. ಅವರು ದೂರು ಕೊಟ್ರು, ಬೀದಿಗಿಳಿದ್ರು, ಹೈಕೋರ್ಟಿಗೂ ಹೋದ್ರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಬೆಂಗಳೂರಿನ ಹೋಟೆಲ್‌ಗಳಲ್ಲಿ ಲೈವ್ ಬ್ಯಾಂಡ್ ನಡೆಸೋದಕ್ಕೆ ಲೈಸೆನ್ಸ್ ಬೇಕು ಅನ್ನೋ 2005ರ ಆದೇಶವನ್ನ ಎತ್ತಿಹಿಡೀತು. ಆ ವರ್ಷ ಎಷ್ಟೋ ಪಬ್ಬುಗಳಲ್ಲಿ ಹಾಡು ನಿಂತೇ ಹೋಯ್ತು.

ಇನ್ನೊಂದು ಕಡೆ ಸಮಯ ಮಾತ್ರ ಮುಂದಕ್ಕೆ ಹೋಗ್ತಾ ಇದೆ. 2024ರ ಆಗಸ್ಟ್‌ನಲ್ಲಿ ಸರ್ಕಾರ ನಗರದ ಬಾರು, ಹೋಟೆಲ್ಲುಗಳಿಗೆ ರಾತ್ರಿ 1ರವರೆಗೆ ತೆರೆಯೋಕೆ ಅವಕಾಶ ಕೊಡ್ತು. ಮೆಟ್ರೋ ರಾತ್ರಿ 11ರ ಸುಮಾರಿಗೆ ನಿಲ್ಲತ್ತೆ. ಹಂಗಾಗಿ 1 ಗಂಟೆಗೆ ಎಲ್ಲರೂ ಒಟ್ಟಿಗೆ ರಸ್ತೆಗೆ ಬರ್ತಾರೆ. ಕ್ಯಾಬು, ಆಟೋ, ಹಾರ್ನು, "ಅಣ್ಣಾ ಓಟಿಪಿ ಹೇಳ್ತೀನಿ ಇರಿ". ಪಬ್ಬು ಮುಚ್ಚಿದ ತಕ್ಷಣ ಸದ್ದು ನಿಲ್ಲಲ್ಲ, ಒಳಗಿದ್ದದ್ದು ನಿಮ್ಮ ಕಿಟಕಿ ಕೆಳಗೆ ಬರತ್ತೆ, ಅಷ್ಟೇ.

ಕಾನೂನು ಏನ್ ಹೇಳತ್ತೆ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಅಂದ್ರೆ 10ರಿಂದ ಬೆಳಗ್ಗೆ 6. ಆ ಹೊತ್ತಲ್ಲಿ ವಸತಿ ಪ್ರದೇಶಕ್ಕೆ 45 ಡೆಸಿಬಲ್, ವಾಣಿಜ್ಯ ಪ್ರದೇಶಕ್ಕೆ 55 ಡೆಸಿಬಲ್ ಮಿತಿ. ಇಬ್ಬರು ಪಕ್ಕ ಕೂತು ಮಾತಾಡಿದ್ರೇನೇ 60ರ ಹತ್ರ ಬರತ್ತೆ. ಪೇಪರಲ್ಲಿರೋ 45ನ್ನ ನಂಬಿ ಅಡ್ವಾನ್ಸ್ ಕೊಡ್ಬೇಡಿ.

ಯಾರಿಗೆ ಅದು ಒಳ್ಳೆ ಏರಿಯಾ

ಹಂಗಂತ ಆ ಏರಿಯಾ ಕೆಟ್ಟದ್ದು ಅಂತ ನಾನು ಹೇಳಲ್ಲ. ನಾನು ಕೋರಮಂಗಲದಲ್ಲಿ ಒಂದೂವರೆ ವರ್ಷ ಇದ್ದೆ. ನನ್ನ ರೂಮ್‌ಮೇಟ್ ಮಾಗಡಿ ಕಡೆಯವನು, ಒಂದು ಪಬ್ಬಲ್ಲಿ ಸರ್ವಿಸ್ ಮಾಡ್ತಿದ್ದ. ರಾತ್ರಿ ಎರಡೂವರೆಗೆ ಬರೋನು, ಸ್ನಾನ ಮಾಡಿ, ಉಳಿದಿದ್ದ ಅನ್ನಕ್ಕೆ ಮೊಸರು ಹಾಕ್ಕೊಂಡು ತಿಂದು ಮಲಗೋನು. ನಡ್ಕೊಂಡು ಹತ್ತು ನಿಮಿಷ. ಕ್ಯಾಬ್ ಖರ್ಚಿಲ್ಲ, ಭಯ ಇಲ್ಲ. ನಂಗೆ ಕಿರಿಕಿರಿ ಆಗ್ತಿದ್ದ ಆ ಧಿಮ್ ಧಿಮ್ ಅವನಿಗೆ ಡ್ಯೂಟಿ ಸದ್ದು. ಅದೇ ಮನೆ, ಅದೇ ಬಾಡಿಗೆ, ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು.

ನಾವು ನೈಟ್‌ಲೈಫ್ ಅಂದಾಗ ಕುಡಿಯೋರನ್ನ ಮಾತ್ರ ನೆನಪು ಮಾಡ್ಕೋತೀವಿ. ಅಲ್ಲಿ ಅಡಿಗೆ ಮಾಡೋರು, ತಟ್ಟೆ ತೊಳೆಯೋರು, ಬಾಗಿಲಲ್ಲಿ ನಿಲ್ಲೋ ಸೆಕ್ಯುರಿಟಿ, ಹೊರಗಡೆ ಕ್ಯಾಬ್‌ನಲ್ಲಿ ಕಾಯೋ ಡ್ರೈವರ್ರು, ಇವರಲ್ಲಿ ನಮ್ಮ ತಾಲ್ಲೂಕುಗಳವರೂ ಇದಾರೆ. ಅವರಿಗೆ ಅದು ರಾತ್ರಿ ಪಾಳಿ ಫ್ಯಾಕ್ಟರಿ ಇದ್ದ ಹಾಗೆ.

ತಡವಾಗಿ ಕೆಲಸ ಮುಗಿಸಿ ಬರೋ ಹೆಣ್ಣುಮಕ್ಕಳಿಗೂ ಒಂದು ಲೆಕ್ಕದಲ್ಲಿ ಒಳ್ಳೇದು. ದೀಪ ಇರೋ, ಅಂಗಡಿ ತೆಗೆದಿರೋ, ಜನ ಓಡಾಡೋ ರಸ್ತೆ ರಾತ್ರಿ 11ಕ್ಕೆ ಒಂದು ಧೈರ್ಯ. ಊರ ಹೊರಗಿನ ಹೊಸ ಲೇಔಟಲ್ಲಿ ನಾಯಿಗಳ ಮಧ್ಯೆ ಒಬ್ಬಳೇ ನಡೆಯೋದಕ್ಕಿಂತ ಎಷ್ಟೋ ಮೇಲು. ಆದ್ರೆ ಎರಡು ಗಂಟೆ ಮೇಲೆ ಅದೇ ರಸ್ತೆ ಏಕದಂ ಖಾಲಿ ಆಗತ್ತೆ, ಕುಡಿದವರು ಮಾತ್ರ ಉಳೀತಾರೆ. ಅದಕ್ಕೇ ನಿಮ್ಮ ಶಿಫ್ಟ್ ಎಷ್ಟಕ್ಕೆ ಮುಗಿಯತ್ತೆ ಅನ್ನೋದನ್ನ ಮೊದಲು ನೋಡಿ.

ಸದ್ದು ಹೋದರೆ ಏನಾಗತ್ತೆ, ನಮಗೇ ಗೊತ್ತು

ಸದ್ದಿನ ವಿಷಯ ನಮ್ಮೂರಿನವರಿಗೆ ಹೊಸದಲ್ಲ. ರಾಮನಗರ, ಚನ್ನಪಟ್ಟಣದಲ್ಲಿ ಹಳೇ ಮೈಸೂರು ರಸ್ತೆ ಪಕ್ಕ ಬೆಳೆದವರು ಲಾರಿ ಸದ್ದಲ್ಲೇ ಪರೀಕ್ಷೆಗೆ ಓದಿದವರು. 2023ರ ಮಾರ್ಚ್ 12ಕ್ಕೆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಬೈಪಾಸ್ ಊರಾಚೆ ಹೋಯ್ತು. ಊರೊಳಗೆ ಸದ್ದು ಇಳೀತು. ಅದರ ಹಿಂದೆಯೇ ಹೆದ್ದಾರಿ ಪಕ್ಕದ ಬೊಂಬೆ ಅಂಗಡಿಯವರು, ಹೋಟೆಲ್ಲಿನವರು ವ್ಯಾಪಾರ ಬಿದ್ದೋಯ್ತು ಅಂತ ಹೇಳ್ಕೊಳ್ಳೋಕೆ ಶುರು ಮಾಡಿದ್ರು. ಸದ್ದೂ ಅನ್ನಾನೂ ಒಂದೇ ರಸ್ತೇಲಿ ಬರ್ತಿದ್ದವು.

ಅದಕ್ಕೇ "ಪಬ್ಬೆಲ್ಲ ಮುಚ್ಚಿಸಿ" ಅನ್ನೋದು ನನ್ನ ಬಾಯಲ್ಲಿ ಸುಲಭವಾಗಿ ಬರಲ್ಲ. ಹಂಗೇ "ಅಡ್ಜಸ್ಟ್ ಮಾಡ್ಕೋ" ಅನ್ನೋದೂ ಬರಲ್ಲ. ನಮ್ಮ ಚಾಮುಂಡೇಶ್ವರಿ ಕರಗದ ರಾತ್ರಿ ಇಡೀ ರಾಮನಗರ ಎದ್ದಿರತ್ತೆ, ಯಾರೂ ದೂರು ಕೊಡಲ್ಲ. ಅದು ವರ್ಷಕ್ಕೊಂದು ರಾತ್ರಿ, ಆ ಸದ್ದಲ್ಲಿ ನಾವೂ ಇರ್ತೀವಿ. ವಾರಕ್ಕೆ ಮೂರು ರಾತ್ರಿ, ಬೇರೆಯವರ ಖುಷಿ ಸದ್ದಿಗೆ ನಾವು ಎದ್ದಿರೋದು ಬೇರೆ.

ಬಿ.ಕಾಂ. ಲೆಕ್ಕ

ಈಗ ನನ್ನ ಸಬ್ಜೆಕ್ಟಿಗೆ ಬರೋಣ. ಇದು ಉದಾಹರಣೆ ಮಾತ್ರ, ನಿಮ್ಮ ನಂಬರ್ ಹಾಕ್ಕೊಳ್ಳಿ. ಪಬ್ ಬೀದಿ ರೂಮಿಗೆ ತಿಂಗಳಿಗೆ 18,000 ಅಂದ್ಕೊಳ್ಳಿ. ದೂರದಲ್ಲಿರೋ ಶಾಂತ ಏರಿಯಾದಲ್ಲಿ 11,000. ವ್ಯತ್ಯಾಸ 7,000. ಹತ್ರ ಇದ್ರೆ ದಿನಕ್ಕೆ 2 ಗಂಟೆ ಓಡಾಟ ಉಳಿಯತ್ತೆ, ತಿಂಗಳಿಗೆ 22 ದಿನ, 44 ಗಂಟೆ. ಅಂದ್ರೆ ಗಂಟೆಗೆ ಸುಮಾರು 160 ರೂಪಾಯಿ ಕೊಟ್ಟು ನಿಮ್ಮ ಟೈಮನ್ನ ನೀವೇ ಕೊಂಡ್ಕೋತಾ ಇದೀರ. ಚೀಪ್ ಅನ್ಸತ್ತೆ ಅಲ್ವಾ?

ಈಗ ನಿದ್ದೆ ಕಳೀರಿ. ಶುಕ್ರ, ಶನಿ, ಭಾನು ಒಂದೊಂದು ಗಂಟೆ ನಿದ್ದೆ ಹೋದ್ರೂ ತಿಂಗಳಿಗೆ 12 ಗಂಟೆ. ನಿಮಗೆ ನಿಜವಾಗ್ಲೂ ಸಿಕ್ಕಿದ್ದು 32 ಗಂಟೆ, ರೇಟು 219 ರೂಪಾಯಿಗೆ ಏರ್ತು. ನಿದ್ದೆಗೆಟ್ಟು ಸೋಮವಾರ ಕೆಲಸದಲ್ಲಿ ತಪ್ಪು ಮಾಡಿ ಬೈಸ್ಕೊಳ್ಳೋದು ಈ ಲೆಕ್ಕದಲ್ಲಿ ಸೇರಿಲ್ಲ.

ಆಮೇಲೆ ಅಡ್ವಾನ್ಸ್. 6 ತಿಂಗಳ ಬಾಡಿಗೆ ಕೇಳಿದ್ರೆ ಅಲ್ಲಿ 1,08,000, ಇಲ್ಲಿ 66,000. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನತ್ತೆ. ಆದ್ರೆ ಅದು ಮಾದರಿ ಮಾತ್ರ, ಬೆಂಗಳೂರಿನ ಓನರ್‌ಗಳ ಬಾಯಲ್ಲಿ ಐದು, ಆರು, ಹತ್ತು ಅನ್ನೋದೇ ಬರೋದು. ಆ ಲಕ್ಷ ಎಲ್ಲಿಂದ ಬರತ್ತೆ? ನಮ್ಮಲ್ಲಿ ಎಷ್ಟೋ ಮನೇಲಿ ಅಪ್ಪ ಗೂಡು ಮಾರಿದ ದುಡ್ಡು, ಅಮ್ಮನ ಸಂಘದ ಸಾಲ. ಮೂರು ತಿಂಗಳಿಗೆ "ನಿದ್ದೆ ಬರಲ್ಲ" ಅಂತ ಖಾಲಿ ಮಾಡಿದ್ರೆ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡೇ ವಾಪಸ್ ಕೊಡೋದು. ಒಂದು ರಾತ್ರಿ ಹೋಗಿ ನೋಡ್ದೆ ಇರೋದಕ್ಕೆ ಅಪ್ಪನ ದುಡ್ಡಲ್ಲಿ ದಂಡ ಕಟ್ಟಬಾರದು.

ಬರ್ಲಿನ್ ಹುಡುಗನಿಗೆ

ಬ್ರೋ, ನಿನಗೆ ಮೊದಲು ಒಂದು ವಿಷಯ ಗೊತ್ತಿರಲಿ. ಬೆಂಗಳೂರಲ್ಲಿ 1 ಗಂಟೆಗೆ ಮುಚ್ಚತ್ತೆ ಅನ್ನೋ ಸಮಾಧಾನ ಇದೆ. ಬರ್ಲಿನ್‌ನಲ್ಲಿ ಶನಿವಾರ ರಾತ್ರಿ ಶುರುವಾದ ಕ್ಲಬ್ಬು ಭಾನುವಾರ ಹಗಲೂ ನಡೀತಾ ಇರತ್ತೆ. ಶುಕ್ರವಾರ, ಶನಿವಾರ ರಾತ್ರಿ ಅಲ್ಲಿನ ಮೆಟ್ರೋನೂ ನಿಲ್ಲಲ್ಲ.

ಕಾನೂನು ಮಾತ್ರ ಬಾಡಿಗೆದಾರನ ಕಡೆ ಗಟ್ಟಿಯಾಗಿದೆ. ಜರ್ಮನಿಯಲ್ಲಿ ಡೆಪಾಸಿಟ್ ಮೂಲ ಬಾಡಿಗೆಯ ಮೂರು ತಿಂಗಳಿಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಅದನ್ನ ಮೂರು ಕಂತಲ್ಲಿ ಕಟ್ಟಬಹುದು. ಮನೆಯಲ್ಲಿ ದೊಡ್ಡ ತೊಂದರೆ ಇದ್ರೆ ಬಾಡಿಗೆ ಕಮ್ಮಿ ಮಾಡಿಸ್ಕೊಳ್ಳೋ ಹಕ್ಕೂ ಇದೆ, ಸದ್ದೂ ಅದರಲ್ಲಿ ಬರಬಹುದು. ಆದ್ರೆ ಆ ತೊಂದರೆ ಗೊತ್ತಿದ್ದೂ ಒಪ್ಪಂದಕ್ಕೆ ಸೈನ್ ಹಾಕಿದ್ರೆ ಆ ಹಕ್ಕು ಸಾಮಾನ್ಯವಾಗಿ ಸಿಗಲ್ಲ. ಕ್ಲಬ್ಬಿನ ಮೇಲೆ ಮನೆ ಮಾಡಿ ಕ್ಲಬ್ಬಿದೆ ಅಂತ ದೂರಿದ್ರೆ ಅಲ್ಲಿನ ಜಡ್ಜೂ ನಮ್ಮಜ್ಜಿ ಕೇಳೋ ಪ್ರಶ್ನೇನೇ ಕೇಳ್ತಾರೆ: "ಮೊದಲೇ ಕಾಣ್ಲಿಲ್ವಾ?"

ಐರ್ಲೆಂಡಿಗೆ ಹೋಗೋರೂ ಕೇಳ್ಕೊಳ್ಳಿ. ಡಬ್ಲಿನ್‌ನ ಟೆಂಪಲ್ ಬಾರ್ ಫೋಟೋದಲ್ಲಿ ಬಹಳ ಚಂದ. ಪಬ್ಬುಗಳಿಗೆ ವಾರಾಂತ್ಯದ ಮಾಮೂಲಿ ಸಮಯ ರಾತ್ರಿ ಹನ್ನೆರಡೂವರೆ, ವಿಶೇಷ ಪರವಾನಗಿ ಇದ್ರೆ ಎರಡೂವರೆ. ಪ್ರವಾಸಿಗೆ ಅದು ಒಂದು ಸಂಜೆ, ಬಾಡಿಗೆದಾರನಿಗೆ ವರ್ಷವಿಡೀ. ಅಲ್ಲಿ ಡೆಪಾಸಿಟ್ ಒಂದು ತಿಂಗಳ ಬಾಡಿಗೆ ದಾಟೋ ಹಾಗಿಲ್ಲ. ಐದಾರು ತಿಂಗಳು ಮುಂಗಡ ಕೇಳಿದ್ರೆ ಅದು ಮೋಸ ಇರಬಹುದು, ಹುಷಾರು.

ಇಂಗ್ಲೆಂಡ್, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಒಂದು ನಿಯಮ ಬಂದಿದೆ. ಹಳೇ ಸಂಗೀತ ಜಾಗದ ಪಕ್ಕ ಹೊಸ ಅಪಾರ್ಟ್‌ಮೆಂಟ್ ಕಟ್ಟಿದ್ರೆ ಸದ್ದು ತಡೆಯೋ ಖರ್ಚು ಕಟ್ಟೋನದು. ಹಳೇ ಮನೆಗಳ ಪಕ್ಕ ಹೊಸ ಕ್ಲಬ್ಬು ಬಂದ್ರೆ ಕ್ಲಬ್ಬಿನವನದು. ಯಾರು ಆಮೇಲೆ ಬಂದ್ರೋ ಅವರ ಜವಾಬ್ದಾರಿ. ನಂಗೆ ಈ ನ್ಯಾಯ ಇಷ್ಟ ಆಯ್ತು. ಇಂದಿರಾನಗರದ ಅಜ್ಜನಿಗೂ ಅನ್ವಯ ಆಗತ್ತೆ, ಅಲ್ಲಿಗೆ ಇವತ್ತು ಹೋಗ್ತಿರೋ ನಿಮಗೂ ಆಗತ್ತೆ.

ಅಡ್ವಾನ್ಸ್ ಕೊಡೋಕೆ ಮುಂಚೆ

ಬ್ರೋಕರ್ ನಿಮ್ಮನ್ನ ಕರ್ಕೊಂಡು ಹೋಗೋದು ಬೆಳಗ್ಗೆ 11ಕ್ಕೆ. ಆಗ ಪಬ್ ಬೀದಿಯಷ್ಟು ಪ್ರಶಾಂತ ಜಾಗ ಇನ್ನೊಂದಿಲ್ಲ. ನೀವು ಮೂರು ಸಲ ಹೋಗಿ: ಗುರುವಾರ ರಾತ್ರಿ ಹತ್ತೂವರೆಗೆ, ಶನಿವಾರ ರಾತ್ರಿ 1ಕ್ಕೆ, ಭಾನುವಾರ ಬೆಳಗ್ಗೆ 6ಕ್ಕೆ. ಕೊನೇದ್ರಲ್ಲಿ ಬಾಟಲಿ, ವಾಂತಿ, ಕಸದ ಗಾಡಿ ಎಲ್ಲ ಕಾಣತ್ತೆ. ಒಬ್ಬರೇ ಹೋಗ್ಬೇಡಿ, ಫ್ರೆಂಡ್ ಜೊತೆ ಹೋಗಿ. ವಿದೇಶ ಆದ್ರೆ ಅಲ್ಲಿರೋ ಪರಿಚಯದವರಿಗೆ ಶನಿವಾರ ರಾತ್ರಿ ಅದೇ ಬಿಲ್ಡಿಂಗ್ ಕೆಳಗಿಂದ ವಿಡಿಯೋ ಕಾಲ್ ಮಾಡೋಕೆ ಹೇಳಿ. ಯಾರೂ ಇಲ್ವಾ? ಮೊದಲ ತಿಂಗಳು ಹಾಸ್ಟೆಲ್ಲು, ಆಮೇಲೆ ರೂಮು.

ಒಳಗೆ ಹೋದಾಗ ಮಲಗೋ ಕೋಣೆ ಕಿಟಕಿ ಯಾವ ಕಡೆ ಇದೆ ನೋಡಿ. ಕಿಟಕಿ ಮುಚ್ಚಿದ್ರೆ ಮಾತು ಕಮ್ಮಿ ಆಗತ್ತೆ, ಬೇಸ್ ಕಮ್ಮಿ ಆಗಲ್ಲ, ಅದು ಗೋಡೆಯಲ್ಲೇ ಬರತ್ತೆ. ಗೋಡೆಗೆ ಕೈ ಇಟ್ಟು ನೋಡಿ. ಜನರೇಟರ್, ಅಡಿಗೆಮನೆ ಎಕ್ಸಾಸ್ಟ್ ಎಲ್ಲಿದೆ ಕೇಳಿ.

ಬೆಂಕಿ ಮರೀಬೇಡಿ. 2023ರ ಅಕ್ಟೋಬರ್ 18ಕ್ಕೆ ಕೋರಮಂಗಲದ ತಾವರೆಕೆರೆ ಮುಖ್ಯರಸ್ತೆಯ ಕಟ್ಟಡದ ಮೇಲಿದ್ದ ಕೆಫೆಗೆ ಬೆಂಕಿ ಬಿದ್ದಾಗ ಒಬ್ಬರು ಮೇಲಿಂದ ಜಿಗಿದ ವಿಡಿಯೋ ನಾವೆಲ್ಲ ನೋಡಿದ್ವಿ. ನಿಮ್ಮ ಬಿಲ್ಡಿಂಗಲ್ಲೇ ಹೋಟೆಲ್ ಇದ್ರೆ ಇಳಿಯೋಕೆ ಎರಡನೇ ಮೆಟ್ಟಿಲಿದೆಯಾ ನೋಡಿ. ಇಲ್ಲ ಅಂದ್ರೆ ಬಾಡಿಗೆ ಎಷ್ಟೇ ಇರಲಿ, ಬೇಡ.

ನನ್ನ ಮಾತು

ಚನ್ನಪಟ್ಟಣದ ತಂಗಿ, ನಿನ್ನ ಕೆಲಸ ಬೆಳಗ್ಗೆ 9ರಿಂದ ಅಂತ ಬರೆದಿದೀಯ. ನೀನು ಅಲ್ಲಿ ಮಲಗಬೇಕಾದ ಹೊತ್ತು, ಆ ಬೀದಿ ಏಳೋ ಹೊತ್ತು. ಅದೇ ನೇರಳೆ ಮಾರ್ಗದಲ್ಲಿ ಒಂದೆರಡು ಸ್ಟೇಷನ್ ಆಚೆ, ಹಲಸೂರು ಕಡೆನೋ ಬೈಯಪ್ಪನಹಳ್ಳಿ ಕಡೆನೋ, ಮುಖ್ಯರಸ್ತೆಯಿಂದ ಎರಡು ಕ್ರಾಸ್ ಒಳಗೆ ನೋಡು. ಶನಿವಾರ ಬೇಕಾದಾಗ ಇಂದಿರಾನಗರಕ್ಕೆ ಹೋಗು, ಮಜಾ ಮಾಡು, ಕೊನೇ ಮೆಟ್ರೋ ಹಿಡಿದು ಬಾ. ಮೊದಲ ಎರಡು ತಿಂಗಳು ಊರಿಂದಲೇ ಓಡಾಡೋಕಾದ್ರೆ ಇನ್ನೂ ಒಳ್ಳೇದು. ರೈಲಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋ ಬದಲಾಯಿಸದೆ ಇಂದಿರಾನಗರ. ಸುಸ್ತಾಗತ್ತೆ, ಆದ್ರೆ ಆ ಎರಡು ತಿಂಗಳಲ್ಲಿ ನಗರ ನಿಂಗೆ ಗೊತ್ತಾಗಿರತ್ತೆ, ಅಪ್ಪನ ದುಡ್ಡು ಅಪ್ಪನ ಹತ್ರಾನೇ ಇರತ್ತೆ.

ಬರ್ಲಿನ್ ಹುಡುಗ, ನಿಂಗೂ ಅದೇ. ಕ್ಲಬ್ಬಿಂದ ನಾಲ್ಕು ಸ್ಟೇಷನ್ ದೂರ ಇರು.

ಮಾಗಡಿಯಿಂದಾನೋ ಕನಕಪುರದಿಂದಾನೋ ಹೋಗಿ ಅಲ್ಲೇ ರಾತ್ರಿ ಪಾಳಿ ಮಾಡೋ ಗೆಳೆಯರು ಇದನ್ನ ಕೇಳ್ತಿದ್ರೆ, ನಿಮಗೆ ಮಾತ್ರ ನಾನು ಹೇಳೋದು ಉಲ್ಟಾ. ಆದಷ್ಟು ಹತ್ರ ಇರಿ. ದಪ್ಪ ಪರದೆ ಹಾಕ್ಸಿ, ಬೆಳಗ್ಗೆ ಚೆನ್ನಾಗಿ ನಿದ್ದೆ ಮಾಡಿ.

ಇಂಥ ಏರಿಯಾದಲ್ಲಿ ಈಗ ಇರೋರು ನಿಮ್ಮ ಶನಿವಾರ ರಾತ್ರಿ ಹೇಗಿರತ್ತೆ ಅಂತ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಸದ್ದು ಹಿಂದೆ ಕೇಳ್ಸಿದ್ರೂ ಪರವಾಗಿಲ್ಲ, ಮುಂದಿನ ವಾರ ಹಾಕ್ತೀನಿ. ಬರ್ಲಾ?